ಹಾಸನೂರಿನ ಗಾಜಿನ ತೊಟ್ಟಿಗೆ ಕೆಂಪು ಗಿಡ

ಕೊರೊನಾ ಮುಗಿದ ಎರಡನೇ ವರ್ಷ. ಆಗ ನಾನು ತಮಿಳು ಗಡಿಯ ತಾಳವಾಡಿಯಲ್ಲಿ ಅಕ್ವೇರಿಯಂ ಗಿಡಗಳ ನರ್ಸರಿ ನಡೆಸುತ್ತಿದ್ದೆ. ಈಗಲೂ ನಡೆಸುತ್ತಿದ್ದೇನೆ, ಮಂಡಿ ನೋವನ್ನು ಬೈದುಕೊಂಡು. ಅದಕ್ಕೂ ಮುಂಚೆ ಮೈಸೂರಿನ ಮೀನಿನ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ದುಡಿದವಳು. ಮೀನು ಮಾರುವವರು ಬೇಕಾದಷ್ಟು ಜನ ಇದ್ದಾರೆ, ನೀರೊಳಗೆ ಬೆಳೆಯುವ ಗಿಡದ ಸಂಗತಿ ಗೊತ್ತಿರುವವರು ಕಡಿಮೆ. ಅದರಲ್ಲೂ ಕೆಂಪು ಗಿಡವೆಂದರೆ ಎಲ್ಲರಿಗೂ ಆಸೆ, ತಾಳ್ಮೆ ಮಾತ್ರ ಯಾರಿಗೂ ಇಲ್ಲ.

ಹಾಸನೂರಿನಲ್ಲಿ ಕಾಡಿನ ಅಂಚಿಗೆ ಒಂದು ಸಣ್ಣ ಲಾಡ್ಜ್ ಇದೆ. ಮಾಲೀಕರು ಕೊಯಮತ್ತೂರಿನವರು. ನಮ್ಮ ಕಡೆ ತಮಿಳಿನ ರೂಢಿಯಂತೆ ಎಲ್ಲರೂ ಅವರನ್ನು ಮೊದಲಾಳಿ ಎಂದೇ ಕರೆಯುವುದು. ಊಟದ ಹಾಲ್‌ನಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಒಂದಿಷ್ಟು ಪುಟ್ಟ ನಿಯಾನ್ ಟೆಟ್ರಾ, ಜೊತೆಗೆ ಮರಿಗಳಾಗಿದ್ದಾಗಿನಿಂದ ಮೊದಲಾಳಿ ತಾವೇ ಸಾಕಿದ ಒಂದು ಜೋಡಿ ಏಂಜೆಲ್ ಮೀನು. ಲಾಡ್ಜ್ ನೋಡಿಕೊಳ್ಳುತ್ತಿದ್ದವನು ಸಿದ್ದರಾಜು, ಅಡುಗೆ ಅವನ ಹೆಂಡತಿ ಮಾದೇವಿಯದು. ಮೊದಲು ಅವರಿವರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಗಂಡ ಹೆಂಡತಿ ಇಬ್ಬರಿಗೂ ತಿಂಗಳ ಸಂಬಳ, ಹಿಂದುಗಡೆ ಇರಲು ಎರಡು ಕೋಣೆ, ಮಗಳಿಗೆ ನಡೆದು ಹೋಗುವಷ್ಟು ದೂರದಲ್ಲಿ ಸ್ಕೂಲು, ಎಲ್ಲವೂ ಸಿಕ್ಕಿದ್ದು ಈ ಕೆಲಸದಿಂದ.

ಮೊದಲಾಳಿ ಮೊಬೈಲ್‌ನಲ್ಲಿ ಒಂದು ಫೋಟೊ ಕಳಿಸಿ, ನನ್ನ ತೊಟ್ಟಿಯೂ ಹೀಗೇ ಕೆಂಪಗಿರಬೇಕು ಎಂದರು. ಫೋಟೊದಲ್ಲಿದ್ದದ್ದು ರೊಟಾಲಾ ಮ್ಯಾಕ್ರಾಂಡ್ರಾ ಎಂಬ ಗಿಡ. ಅದು ಮಹಾರಾಣಿ ಕಣ್ರೀ! ತಲೆ ಮೇಲೆ ಝಗಝಗಿಸುವ ದೀಪ ಬೇಕು, ನೀರಿಗೆ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿರಬೇಕು. ಆ ಹಾಲ್‌ನಲ್ಲಿ ಎರಡೂ ಆಗದ ಮಾತು. ಪಕ್ಕದಲ್ಲೇ ಆನೆ ಓಡಾಡುವ ಜಾಗ, ಕತ್ತಲಾದ ಮೇಲೆ ಹೊರಗೆ ಕಾಣುವಂತೆ ಪ್ರಖರ ದೀಪ ಹಾಕುವ ಹಾಗಿಲ್ಲ. ಕರೆಂಟು ಹೋದರೆ ಇನ್ವರ್ಟರ್ ಉರಿಸಬಲ್ಲದ್ದು ಒಂದೇ ಒಂದು ಎಲ್‌ಇಡಿ ಪಟ್ಟಿಯನ್ನು. ಅಷ್ಟು ಬೆಳಕನ್ನು ನಮ್ಮ ಕಸುಬಿನಲ್ಲಿ ಮಧ್ಯಮ ಬೆಳಕು ಎನ್ನುತ್ತೇವೆ.

ಕೆಂಪು ಎಲೆಗೆ ಬೆಳಕಿನ ಹಸಿವು ಹೆಚ್ಚು. ಬೆಳಕು ಸಾಲದಿದ್ದರೆ ಅದು ಹಸಿರಿಗೆ ತಿರುಗುತ್ತದೆ, ಇಲ್ಲವೆ ಬುಡದ ಎಲೆ ಉದುರಿಸಿ ಬರೀ ಕಡ್ಡಿಯಾಗುತ್ತದೆ. ಹಾಗಂತ ದೀಪವನ್ನು ಹೆಚ್ಚು ಹೊತ್ತು ಉರಿಸಿದರೆ ಗಾಜಿನ ತುಂಬ ಪಾಚಿ. ಆದ್ದರಿಂದ ಇರುವ ಬೆಳಕಿನಲ್ಲೇ ಬದುಕಬಲ್ಲ ಗಿಡಗಳನ್ನು ಆರಿಸಿದೆ. ನಡುವೆ ಕೆಂಪು ಟೈಗರ್ ಲೋಟಸ್‌ನ ಗೆಡ್ಡೆ, ಹಿಂದೆ ಲುಡ್ವಿಜಿಯಾ, ನೆರಳಿರುವ ಮೂಲೆಯಲ್ಲಿ ಕಂದು ಬಣ್ಣದ ಕ್ರಿಪ್ಟೊಕೊರೈನ್, ದೀಪದ ನೇರಕ್ಕೆ ನಾಲ್ಕೈದು ಕಡ್ಡಿ ಆಲ್ಟರ್ನಾಂಥೆರಾ. ಇವು ಬೆಂಕಿಯ ಕೆಂಪಾಗುವುದಿಲ್ಲ, ಬೀಟ್‌ರೂಟಿನ ಬಣ್ಣಕ್ಕೆ ಬಂದು ನಿಲ್ಲುತ್ತವೆ, ಅದೂ ನಿಧಾನಕ್ಕೆ. ಹೊಸ ನೀರಿಗೆ ಹೊಂದಿಕೊಳ್ಳುವವರೆಗೆ ಹಳೆಯ ಎಲೆ ಕರಗಿದರೆ ಗಾಬರಿಯಾಗಬೇಡ, ಕೈ ಹಾಕಬೇಡ ಎಂದು ಸಿದ್ದರಾಜುವಿಗೆ ಹೇಳಿ ಬಂದೆ. ಅವನು ತಲೆಯಾಡಿಸಿದ.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಸಿದ್ದರಾಜುವಿನ ಫೋನು ಬಂತು. "ಅಕ್ಕಾ, ಮೀನೆಲ್ಲ ಮ್ಯಾಲಕ್ ಬಂದು ಬಾಯ್ ಬಾಯ್ ಬುಡ್ತಾವ. ಸಣ್ಣವು ಸತ್ತೋದವು. ಸಂಜೀಕೆ ಮೊದ್ಲಾಳಿ ಬತ್ತಾವ್ರ. ಬೇಗ್ ಬನ್ನಿ ಅಕ್ಕಾ!" ನಾನು ಟೆಸ್ಟ್ ಕಿಟ್ ಚೀಲಕ್ಕೆ ಹಾಕಿಕೊಂಡು ಸಿಕ್ಕ ಬಸ್ಸು ಹತ್ತಿದೆ.

ಹಾಲ್‌ಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ತೊಟ್ಟಿಯ ತುಂಬ ಕೆಂಪು! ಆ ದೀಪಕ್ಕೆ, ಅಷ್ಟು ಕಡಿಮೆ ದಿನದಲ್ಲಿ ಅಂಥ ಕೆಂಪು ಬರಲು ಸಾಧ್ಯವೇ ಇಲ್ಲ. ಒಂದು ಗಳಿಗೆ ನನ್ನ ಕಣ್ಣನ್ನೇ ಅನುಮಾನಿಸಿದೆ. ಆದರೆ ಕೆಳಗೆ ಟೆಟ್ರಾಗಳು ಬಿಳಿಚಿಕೊಂಡು ಬಿದ್ದಿದ್ದವು. ಏಂಜೆಲ್ ಜೋಡಿ ನೀರಿನ ಮೇಲ್ಮೈಗೆ ಮೂತಿ ಒತ್ತಿಕೊಂಡು ಏದುಸಿರು ಬಿಡುತ್ತಿತ್ತು. ನೀರಿನಿಂದ ಕೊಳೆತ ಸೊಪ್ಪಿನ ವಾಸನೆ. ಗಾಜಿನ ಕೊಳವೆಗೆ ನೀರು ತೆಗೆದು ಅಮೋನಿಯಾ ಟೆಸ್ಟಿನ ಹನಿ ಹಾಕಿದೆ. ಹಳದಿ ಇದ್ದರೆ ಕ್ಷೇಮ, ಹಸಿರಾದಷ್ಟೂ ಅಪಾಯ. ಕೊಳವೆ ಕಡು ಹಸಿರಾಯಿತು.

"ಏನು ಹಾಕಿದ್ದೀಯಾ ಇದಕ್ಕೆ?"

"ಏನೂ ಇಲ್ಲ ಅಕ್ಕಾ. ಎಲ್ಲ ನೀವ್ ನೆಟ್ಟ ಗಿಡಾನೆಯ," ಎಂದ ಸಿದ್ದರಾಜು, ನನ್ನ ಮುಖ ನೋಡದೆ.

ನನಗೆ ಮೈ ಉರಿದುಹೋಯಿತು. ನನ್ನ ಗಿಡದಿಂದ ಮೀನು ಸತ್ತವು ಎಂಬ ಮಾತು ಕೊಯಮತ್ತೂರು ಮುಟ್ಟಿದರೆ ನನ್ನ ನರ್ಸರಿಗೂ ಬೀಗ ಹಾಕಿದಂತೆಯೇ. ತೋಳು ಮಡಿಸಿ ಒಂದು ಕಡ್ಡಿ ಎಳೆದೆ. ಮೇಲೆ ಎಲೆ ಲಕಲಕ ಎನ್ನುತ್ತಿದೆ, ಕೆಳಗೆ ಕಾಂಡ ಲೋಳೆಯಾಗಿ ಬೆರಳಿಗೆ ಅಂಟಿಕೊಂಡಿತು. ಬೇರಿನ ಸುತ್ತ ಕಪ್ಪು ಮಣ್ಣಿನ ಹೆಂಟೆ. ಅಷ್ಟರಲ್ಲಿ ಮಾದೇವಿ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು.

"ಅಯ್ಯೋ, ಇದು ನಮ್ಮಿತ್ತಲ ಕೆಂಪು ಒನಗನೆ ಸೊಪ್ಪಲ್ವಾ! ಮಡೀಲಿ ಒಂದೂ ಉಳೀದಂಗೆ ಕಿತ್ತೋರ್ಯಾರು ಅಂತ ನಾಕ್ ದಿನದಿಂದ ಬಯ್ತಾ ಇವ್ನಿ," ಎಂದಳು.

ಸಿದ್ದರಾಜು ಗೋಡೆಗೆ ಒರಗಿ ಕುಸಿದು ಕೂತ.

ಹೊನಗನೆ ಸೊಪ್ಪೂ ನಾನು ನೆಟ್ಟ ಆಲ್ಟರ್ನಾಂಥೆರಾವೂ ಒಂದೇ ಕುಲದವು, ದಾಯಾದಿಗಳು. ನೋಡಲು ಅಕ್ಕ ತಂಗಿಯರ ಹಾಗೆ. ಕೆರೆಯಂಚಿನ ಕೆಸರಿನಲ್ಲಿ ಹೊನಗನೆ ಹಬ್ಬುವುದನ್ನು ನಮ್ಮ ಕಡೆ ಯಾರು ನೋಡಿಲ್ಲ? ಹಾಗಾಗಿ ನೀರಿಗೆ ಹಾಕಿದರೆ ಬದುಕುತ್ತದೆ ಎಂದುಕೊಂಡಿದ್ದ ಸಿದ್ದರಾಜು. ಆದರೆ ಕೆಂಪು ಹೊನಗನೆಗೆ ಕಾಲು ಒದ್ದೆಯಾದರೆ ಸಂತೋಷ, ತಲೆ ಮುಳುಗಿದರೆ ಸಾವು. ಕೆಲವು ದಿನ ಬಣ್ಣ ಹೊತ್ತು ನಿಂತು ಆಮೇಲೆ ಕೊಳೆಯುತ್ತದೆ. ಸಾಲದ್ದಕ್ಕೆ ನಾಟಿ ಹಾಕಿ ಪಳಗಿದ ಕೈ ಅವನದು, ಬೇರು ನಲುಗಬಾರದೆಂದು ಸಗಣಿ ಗೊಬ್ಬರದ ಮಣ್ಣಿನ ಸಮೇತ ಕಿತ್ತು ತಂದು ಇಳಿಸಿದ್ದ. ಹೊಲದಲ್ಲಿ ಅದೇ ಜಾಣತನ. ಮುಚ್ಚಿದ ತೊಟ್ಟಿಯಲ್ಲಿ ಮಾತ್ರ ಅದು ವಿಷ.

"ಯಾಕೋ ಹಿಂಗ್ ಮಾಡ್ದೆ?"

"ಏನ್ ಮಾಡ್ಲಿ ಅಕ್ಕಾ, ನಿಮ್ ಗಿಡ ಎಲೆ ಉದುರುಸ್ಕಂಡು ನಿಂತ್ಕಬುಡ್ತು. ಮೊದ್ಲಾಳಿ, ‘ನಾ ಬರೋವತ್ಗೆ ಕೆಂಪಾಗ್ದಿದ್ರ ತೊಟ್ಟಿ ನೋಡ್ಕಳೋಕೆ ಬೇರೆಯವ್ರ ಕರ್ಕಬತ್ತೀನಿ, ನೀನು ಗಂಟು ಮೂಟೆ ಕಟ್ಕೋ’ ಅಂದ್ರು. ಮಗಳ ಕರ್ಕಂಡು ಎಲ್ಲಿಗೋಗನ?"

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಮೊದಲಾಳಿ ಸತ್ಯಮಂಗಲದಿಂದ ಘಾಟಿ ಹತ್ತಿ ದಿಂಬಂ ತಲುಪಿದ್ದರು. ಟೀ ಕುಡಿದು ಹೊರಡುತ್ತೇನೆ ಎಂದರಂತೆ. ದಿಂಬಂನಿಂದ ಹಾಸನೂರಿಗೆ ಎಷ್ಟು ಹೊತ್ತು, ಅರ್ಧ ಗಂಟೆಯ ದಾರಿ!

ಸೊಪ್ಪು ಕಿತ್ತು ನೀರು ಬದಲಿಸಬೇಕು, ಬಕೆಟ್ ತಾ ಎಂದೆ. ಸಿದ್ದರಾಜು ಎದ್ದು ಬಂದು ತೊಟ್ಟಿಗೆ ಅಡ್ಡ ನಿಂತ. "ಬ್ಯಾಡಿ ಅಕ್ಕಾ. ಒಂದೇ ಒಂದ್ ಸಲ ಅವ್ರು ಕೆಂಪ್ ನೋಡ್ಕಂಡೋಗ್ಲಿ. ಊಟ ಮಾಡಿ ಮಲಿಕ್ಕಂಡ್ ಮ್ಯಾಕೆ ನಾನೇ ಕಿತ್ತಾಕ್ತೀನಿ. ನಿಮ್ ಕಾಲಿಗ್ ಬೀಳ್ತೀನಿ."

"ಅಷ್ಟು ಹೊತ್ತು ಮೀನು ಬದುಕಿರಲ್ಲ ಕಣೋ!"

"ಮೀನ್ ಓದ್ರೆ ಓಯ್ತವ. ನಮ್ ಗತಿ ಏನಕ್ಕಾ?"

ಮಾದೇವಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಬಲವಂತವಾಗಿ ಅವನನ್ನು ದೂಡಿ ಕೈ ಹಾಕುವ ಧೈರ್ಯ ನನಗೆ ಬರಲಿಲ್ಲ.

ಆಗ ಏಂಜೆಲ್‌ಗಳಲ್ಲಿ ದೊಡ್ಡದು ಮೇಲಿನಿಂದ ಜಾರಿತು. ರೆಕ್ಕೆ ಮಡಿಸಿಕೊಂಡು, ಮಗ್ಗುಲಾಗಿ, ಮೆಲ್ಲಗೆ ಆ ಕೆಂಪು ಎಲೆಗಳ ಮೇಲೆ ಬಂದು ಒರಗಿತು. ಕಿವಿರು ಮಾತ್ರ ಪಟಪಟ ಬಡಿಯುತ್ತಿತ್ತು. ಸಿದ್ದರಾಜು ಅದನ್ನೇ ನೋಡಿದ. "ಥೂ, ನನ್ ಜಲ್ಮಕ್ಕೆ" ಎಂದವನೇ ಅಂಗಿ ತೋಳನ್ನೂ ಮಡಿಸದೆ ಹೆಗಲವರೆಗೆ ಕೈ ಇಳಿಸಿ ಸೊಪ್ಪನ್ನು ಹಿಡಿ ಹಿಡಿಯಾಗಿ ಕಿತ್ತು ನೆಲಕ್ಕೆ ಎಸೆಯತೊಡಗಿದ.

ನಾನು ಪೈಪು ಇಳಿಸಿ ಅರ್ಧಕ್ಕಿಂತ ಹೆಚ್ಚು ನೀರನ್ನು ತಳದ ಗೊಬ್ಬರದ ಸಮೇತ ಎಳೆದೆ. ಬೋರ್‌ವೆಲ್ ನೀರು ತಣ್ಣಗೆ ಕೊರೆಯುತ್ತಿತ್ತು, ಹಾಗೇ ಸುರಿದರೆ ಮೀನಿಗೆ ಇನ್ನೊಂದು ಏಟು. ಮಾದೇವಿ ಅನ್ನದ ಪಾತ್ರೆಯಲ್ಲಿ ನೀರು ಕಾಯಿಸಿ ತಂದು ಬೆರೆಸಿದಳು, ನಾನು ಬೆರಳದ್ದಿ ನೋಡಿ ಹದ ಹೇಳಿದೆ. ಗಾಳಿ ಪಂಪು ಜೋರು ಮಾಡಿದೆ. ಇನ್ನೂ ನೀರು ತುಂಬುತ್ತಿರುವಾಗಲೇ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

ಮೊದಲಾಳಿ ಒಳಗೆ ಬಂದರು. ನೆಲದ ತುಂಬ ನೀರು, ಕೆಂಪು ಸೊಪ್ಪಿನ ಗುಡ್ಡೆ. ತೊಟ್ಟಿ ಮಬ್ಬಾಗಿತ್ತು, ನಾನು ನೆಟ್ಟ ಗಿಡಗಳು ಅಲ್ಲೊಂದು ಇಲ್ಲೊಂದು ಎಲೆ ಬಿಟ್ಟುಕೊಂಡು ಬಡಕಲಾಗಿ ನಿಂತಿದ್ದವು. "ಏನಿದು?" ಎಂದು ತಮಿಳಿನಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಿದ್ದರಾಜು ಹೇಳಿಬಿಟ್ಟ. ಹಿತ್ತಲ ಸೊಪ್ಪು ನೆಟ್ಟಿದ್ದು, ಮೀನು ಸತ್ತಿದ್ದು, ಕಿತ್ತು ಹಾಕಿದ್ದು, ಒಂದನ್ನೂ ಬಿಡಲಿಲ್ಲ.

ಅವರು ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರು. ಬಹಳ ಹೊತ್ತಾದ ಮೇಲೆ ದೊಡ್ಡ ಏಂಜೆಲ್ ಒಮ್ಮೆ ಕೊಸರಿತು, ಓರೆಯಾಗಿ ಎದ್ದಿತು, ನೆಟ್ಟಗಾಯಿತು.

"ನಾನು ನೋಡಿದ ಮೇಲೆ ಕೀಳಬಹುದಿತ್ತಲ್ಲ? ಯಾಕೆ ಮೊದಲೇ ಕಿತ್ತೆ?" ಎಂದರು ಮೊದಲಾಳಿ.

"ಕಣ್ಣೆದ್ರಿಗೇ ಸಾಯ್ತಿತ್ತಲ್ಲ ಸಾರ್. ನೋಡ್ಕಂಡ್ ನಿಂತ್ಕಳಕ್ಕಾಯ್ನಿಲ್ಲ."

ಮೊದಲಾಳಿ ನನ್ನ ಕಡೆ ತಿರುಗಿದರು. "ಈ ಬೆಳಕಿನಲ್ಲಿ ನಿಜವಾದ ಕೆಂಪು ಬರಲು ಎಷ್ಟು ಕಾಲ ಬೇಕು?"

"ಇನ್ನೂ ಮೂರು ತಿಂಗಳು ಹಿಡಿಯಬಹುದು. ಫೋಟೊದ ಕೆಂಪು ಬರುವುದಿಲ್ಲ, ಬೀಟ್‌ರೂಟಿನ ಬಣ್ಣ. ಯಾರೂ ಅವಸರ ಮಾಡದಿದ್ದರೆ," ಎಂದೆ. ಕೊನೆಯ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಸಿಟ್ಟಿತ್ತು ನನಗೆ.

ಅವರು ತಲೆ ತಗ್ಗಿಸಿದರು. ತಮಗೆ ಬರುವ ಅರೆಬರೆ ಕನ್ನಡದಲ್ಲಿ, "ಸಿದ್ದರಾಜು, ಒದ್ದೆ ಅಂಗಿ ಬದಲಾಯಿಸು. ಚಳಿ ಆಗುತ್ತೆ," ಎಂದರು. ಕೆಲಸದಿಂದ ತೆಗೆಯುವ ವಿಚಾರ ಎತ್ತಲೇ ಇಲ್ಲ. ಸಿದ್ದರಾಜು ಒಳಗೆ ಹೋದವನು ಬಿಕ್ಕಿ ಬಿಕ್ಕಿ ಅಳುತ್ತಿದ್ದದ್ದು ಹಾಲ್‌ವರೆಗೂ ಕೇಳಿಸಿತು.

ಗಿಡ ಆರಿಸುವುದೆಂದರೆ ದೀಪದ ವ್ಯಾಟ್, ನೀರಿನ ಗುಣ, ಎಲೆಯ ಜಾತಿ ಎಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಮಧ್ಯಮ ಬೆಳಕಿನ ಕೆಂಪು ಗಿಡಕ್ಕೆ ಇನ್ನೊಂದು ಬೇಕು, ಹೆದರದೆ ಕಾಯಬಲ್ಲ ಮನುಷ್ಯ. ಇವತ್ತು ಯಾರೇ ಬಂದು ಕೆಂಪು ಗಿಡ ಕೇಳಲಿ, ತೊಟ್ಟಿ ನೋಡಿಕೊಳ್ಳುವವರು ಯಾರು, ಅವರನ್ನು ನೆಮ್ಮದಿಯಾಗಿ ಕಾಯಲು ಬಿಡುತ್ತೀರಾ ಎಂದು ಮೊದಲು ಕೇಳುತ್ತೇನೆ. ಆಗುವುದಿಲ್ಲ ಎಂದವರಿಗೆ ಪ್ಲಾಸ್ಟಿಕ್ ಗಿಡ ಮಾರುವ ಅಂಗಡಿಯ ದಾರಿ ತೋರಿಸುತ್ತೇನೆ.