ಲಲಿತಳ ಜೊತೆ ಟೇಬಲ್ ಟೆನಿಸ್ ನೋಡಲು ಹೋದದ್ದು

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಯಡಿಯೂರಿನ ಮನೆಯಿಂದ ಹೊರಟೆವು, ನಾನು ಮತ್ತು ನನ್ನ ತಂಗಿ ಲಲಿತಾ. ನನಗೆ ಎಪ್ಪತ್ನಾಲ್ಕು, ಅವಳಿಗೆ ಅರವತ್ತೈದು. ಚಿಕ್ಕಂದಿನಲ್ಲಿ ಪೋಲಿಯೊ ಬಂದಾಗಿನಿಂದ ಅವಳು ಗಾಲಿಕುರ್ಚಿಯಲ್ಲಿದ್ದಾಳೆ. ಪುಟ್ಟೇನಹಳ್ಳಿಯ ಆಚೆ ಒಂದು ಒಳಾಂಗಣ ಕ್ರೀಡಾಂಗಣದಲ್ಲಿ ಗಾಲಿಕುರ್ಚಿ ಮಹಿಳೆಯರ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಇದೆ ಎಂದು ಓದಿ, ಕರೆದುಕೊಂಡು ಹೋಗು ಎಂದು ಅವಳೇ ಕೇಳಿದ್ದಳು. ನಲವತ್ತು ವರ್ಷಗಳಲ್ಲಿ ಅವಳು ನನ್ನೆದುರು ಆ ಆಟದ ಮಾತೆತ್ತಿದ್ದು ಅದೇ ಮೊದಲು.

ಆಟೋದವನು ಕುರ್ಚಿಯನ್ನು ಮಡಚಿ ಸೀಟಿನ ಹಿಂದೆ ತುರುಕಿದ. "ಅಜ್ಜಿ, ಗಟ್ಟಿಯಾಗ್ ಹಿಡ್ಕೊಳಿ. ರೋಡ್ ಸರಿ ಇಲ್ಲ."

"ಅಜ್ಜಿ ಅಂದ್ರೆ ಮೀಟರ್ ಮೇಲೆ ಒಂದ್ ಪೈಸೆ ಕೊಡಲ್ಲ ನೋಡು," ಎಂದಳು ಲಲಿತಾ.

"ಸರಿ ಅಕ್ಕ. ನಿಮ್ ಅಣ್ಣನ್ ಹತ್ರಾನೇ ಇಸ್ಕೋತೀನಿ ಬಿಡಿ."

ಅರ್ಧ ಗಂಟೆಯ ದಾರಿ, ನೂರಾ ಮೂವತ್ತು ರೂಪಾಯಿ. ಬಿಸಿಲು ಆಗಲೇ ಏರಿತ್ತು.

ಥಾಯ್ಲೆಂಡಿನ ಹುಡುಗಿಗೂ ನಮ್ಮ ದೇಶದವಳಿಗೂ ಪಂದ್ಯ ನಡೆದಿತ್ತು. ಥಾಯ್ ಹುಡುಗಿ ಹಾಕಿದ ಸರ್ವ್ ಮೇಜಿನ ಪಕ್ಕದ ಅಂಚಿನಿಂದ ಜಾರಿಹೋಯಿತು. ನಮ್ಮವಳ ಕೈಗೆ ಎಟುಕಲಿಲ್ಲ. "ಪಾಯಿಂಟ್ ಹೋಯ್ತು," ಎಂದೆ. ಅಂಪೈರ್ ಕೈಯೆತ್ತಿ ಮತ್ತೆ ಸರ್ವ್ ಮಾಡಿಸಿದರು.

"ಹೋಗಿಲ್ಲಣ್ಣ. ಸರ್ವ್ ಪಕ್ಕದಿಂದ ಆಚೆ ಹೋದ್ರೆ ಲೆಕ್ಕಕ್ಕಿಲ್ಲ. ಕುರ್ಚಿಲಿ ಕೂತೋರಿಗೆ ರೂಲೇ ಹಾಗೆ," ಎಂದಳು ಲಲಿತಾ, ಆಟದಿಂದ ಕಣ್ಣು ತೆಗೆಯದೆ.

"ನಿಂಗ್ ಯಾವಾಗ್ ಗೊತ್ತಾಯ್ತು?"

"ಹತ್ ವರ್ಷ ಆಯ್ತು. ಮೊಬೈಲಲ್ಲಿ ನೋಡ್ತಿರ್ತೀನಲ್ಲ."

ನಾನು ಮಾಡಿದ್ದನ್ನು ಇಲ್ಲಿ ಬರೆಯಲೇಬೇಕು. ನಲವತ್ತು ವರ್ಷಗಳ ಹಿಂದೆ ಜಯನಗರದ ಒಂದು ಸಣ್ಣ ಕ್ಲಬ್ಬಿನಲ್ಲಿ ಆಡುತ್ತಿದ್ದೆ. ಸಂಜೆ ಅವಳನ್ನೂ ಕರೆದೊಯ್ಯುತ್ತಿದ್ದೆ. ವರ್ಷದೊಳಗೆ ಅವಳು ನನ್ನನ್ನು ಸೋಲಿಸತೊಡಗಿದಳು. ಗೆಳೆಯರು ಆಡಿಕೊಂಡರು. ಒಂದು ಸಂಜೆ ಎಲ್ಲರೆದುರು ಪ್ರತಿ ಸರ್ವನ್ನೂ ಹಾಗೆಯೇ ಪಕ್ಕದಿಂದ ಜಾರುವಂತೆ ಹಾಕಿ ಗೆದ್ದೆ. "ನೋಡಿದ್ಯಾ, ಇದು ನಿನ್ನಂಥೋರ ಆಟ ಅಲ್ಲ," ಎಂದೆ. ಮರುದಿನದಿಂದ ಅವಳು ಬರಲಿಲ್ಲ. ಬಾ ಎಂದು ನಾನೂ ಕರೆಯಲಿಲ್ಲ. ಕರೆಯದೆ ಇದ್ದದ್ದು ನೆಮ್ಮದಿಯೆನಿಸಿತ್ತು.

"ಲಲಿತಾ, ಆವತ್ತು ನಾನು..."

"ಮ್ಯಾಚ್ ನೋಡಣ್ಣ."

ಊಟದ ಬಿಡುವಿನಲ್ಲಿ ಮನೆಯಿಂದ ತಂದ ಚಿತ್ರಾನ್ನ ತಿಂದೆವು. ಪಕ್ಕದ ಅಭ್ಯಾಸದ ಕೋಣೆ ಖಾಲಿಯಿತ್ತು. ಅವಳೇ ಗಾಲಿ ತಿರುಗಿಸಿಕೊಂಡು ಒಂದು ಮೇಜಿನ ಬಳಿ ಹೋದಳು. ಮೊಣಕಾಲುಗಳು ಮೇಜಿನಡಿ ಸಲೀಸಾಗಿ ಸರಿದವು. ಯಾರೋ ಬಿಟ್ಟುಹೋದ ಬ್ಯಾಟನ್ನು ಎತ್ತಿಕೊಂಡಳು. ಎರಡು ವರ್ಷದಿಂದ ಅವಳ ಬಲಗೈ ಎದೆಯ ಮಟ್ಟಕ್ಕಿಂತ ಮೇಲೇಳುವುದಿಲ್ಲ. ಎರಡು ಸಲ ಎತ್ತಲು ಪ್ರಯತ್ನಿಸಿ ಬ್ಯಾಟ್ ಕೆಳಗಿಟ್ಟಳು.

"ಆ ಕಡೆ ಹೋಗಿ ನಿಂತ್ಕೋ."

ಹೋಗಿ ನಿಂತೆ. ನಮ್ಮ ನಡುವೆ ನೆಟ್ ಇತ್ತು, ಚೆಂಡಿರಲಿಲ್ಲ.

"ನಿನ್ನ ಸೋಲಿಸ್ತಿದ್ದೆ," ಎಂದಳು.

"ಹೌದು."

"ನಿನ್ನೊಬ್ಬನ್ನೇ ಅಲ್ಲ."

ಅದಕ್ಕೂ ಹೌದೆಂದೆ. ಅಷ್ಟು ಹೇಳಲು ನನಗೆ ನಲವತ್ತು ವರ್ಷ ಬೇಕಾಯಿತು.

ನಾಲ್ಕಕ್ಕೆ ಹೊರಟೆವು. ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ಹಾಗಾಗಿ ಅವಳ ಮುಖ ಕೊನೆಯವರೆಗೂ ಕ್ರೀಡಾಂಗಣದ ತೆರೆದ ಬಾಗಿಲಿನ ಕಡೆಗೇ ಇತ್ತು. ಒಳಗಿನಿಂದ ಚೆಂಡಿನ ಸದ್ದು ಬರುತ್ತಿತ್ತು.

"ನಿಧಾನ ಅಣ್ಣ," ಎಂದಳು. "ಇನ್ನೂ ನಿಧಾನ."