ಗೋಡೆಯಾಚೆಯ ಮೈಕಕ್ಕ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನರ್ಸೊಬ್ಬರು ಮೈಕಿನ ಗುಂಡಿ ಒತ್ತಿ "ಹಲೋ, ಹಲೋ" ಅನ್ನುತ್ತಿದ್ದಾರೆ. ದಪ್ಪ ಗೋಡೆಯ ಆಚೆ, ವಿಕಿರಣ ಚಿಕಿತ್ಸೆಯ ಕೋಣೆಯಲ್ಲಿ ನೆಲ ಒರೆಸುತ್ತಿರುವ ಆಯಾ ಕ್ಯಾಮೆರಾದತ್ತ ಮುಖ ಎತ್ತುತ್ತಾರೆ. "ಕೇಳಿಸ್ತಿದೆ ಸಿಸ್ಟರ್. ಆದ್ರೆ ಗಂಟಲು ಯಾಕೋ ಕೂತ್ಹೋಗಿದೆಯಲ್ಲ?"

"ಬೆಳಿಗ್ಗೆ ಬೆಳಿಗ್ಗೆನೇ ನಮ್ಮತ್ತೆ ಜೊತೆ ಒಂದು ಸುತ್ತು ಜಗಳ ಆಯ್ತು," ಎಂದು ನಗುತ್ತಾ ಅವರು ಬಿಸಿನೀರು ಗುಟುಕರಿಸುತ್ತಾರೆ. ಗಂಟಲು ಕೈಕೊಟ್ಟರೆ ಅವರ ಅರ್ಧ ಕೆಲಸ ನಿಂತಂತೆ. ಇಲ್ಲಿಗೆ ಬರುವ ಹೆಂಗಸರು ಅವರಿಗಿಟ್ಟಿರುವ ಹೆಸರೇ ಮೈಕಕ್ಕ.

ಗರ್ಭಕಂಠದ ಕ್ಯಾನ್ಸರಿಗೆ ಈ ಕೋಣೆಯಲ್ಲಿ ದೇಹದ ಒಳಗಿನಿಂದಲೇ ವಿಕಿರಣ ಕೊಡುತ್ತಾರೆ. ಎಚ್ಚರವಿರುವಂತೆಯೇ ಸೊಂಟದ ಕೆಳಗಷ್ಟೇ ಅರಿವಳಿಕೆ ಕೊಟ್ಟ ಮೇಲೆ ಡಾಕ್ಟರಮ್ಮ ಸಣ್ಣ ಕೊಳವೆಗಳನ್ನು ಒಳಗಿರಿಸುತ್ತಾರೆ. ಎಲ್ಲಿಗೆ ಎಷ್ಟು ವಿಕಿರಣ ತಾಗಬೇಕು ಎಂದು ಪಕ್ಕದ ಕೋಣೆಯ ತಜ್ಞರೊಬ್ಬರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾರೆ. ಯಂತ್ರ ನಡೆಸುವುದು ದಪ್ಪ ಮೀಸೆಯ ಟೆಕ್ನಿಷಿಯನ್. ಎಲ್ಲ ಸಿದ್ಧವಾದ ಮೇಲೆ, ತಮಗೂ ವಿಕಿರಣ ತಾಗಬಾರದೆಂದು ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ, ಭಾರದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಉಳಿದವಳು ಸೊಂಟ ಅಲುಗಿಸುವಂತಿಲ್ಲ. ಕೊಳವೆ ಕೊಂಚ ಜರುಗಿದರೂ ಹೊರಗಿನವರ ಲೆಕ್ಕವೆಲ್ಲ ತಲೆಕೆಳಗು. ಆ ಹೊತ್ತಿನಲ್ಲಿ ಆಕೆಯ ಜೊತೆಗಿರುವುದು ಮೈಕಕ್ಕನ ದನಿಯೊಂದೇ.

ಹದಿನೇಳು ವರ್ಷದ ಹಿಂದೆ ಹೆರಿಗೆ ವಾರ್ಡಿನಿಂದ ಇಲ್ಲಿಗೆ ವರ್ಗವಾದಾಗ ಅವರು ಅತ್ತಿದ್ದರಂತೆ. "ಅಲ್ಲಿ ಮಗು ಅತ್ರೆ ಮನೆಮಂದಿಯೆಲ್ಲ ನಗ್ತಾರೆ. ಇಲ್ಲಿ ಯಾರೂ ತುಟಿ ಬಿಚ್ತಿರಲಿಲ್ಲ. ಮೈಕಲ್ಲಿ 'ಅಲುಗಾಡಬೇಡಿ' ಅಂತ ಹೇಳಿ ಆಫ್ ಮಾಡ್ಬಿಡೋರು. ಒಂದಿನ ಒಳಗಿದ್ದ ಅಜ್ಜಿ, 'ಯಾರಾದ್ರೂ ಇದ್ದೀರಾ?' ಅಂತ ಕೇಳಿದ್ರು. ಇದ್ದೀನಿ ಅಂದೆ. ಅವತ್ತಿಂದ ಬಾಯಿ ಮುಚ್ಚಿಲ್ಲ ನೋಡಿ!"

ದಿನಕ್ಕೆ ನಾಲ್ಕೈದು ಜನ ಬರುತ್ತಾರೆ. ಒಬ್ಬೊಬ್ಬರ ಜೊತೆ ಒಂದೊಂದು ಮಾತು. ಬಸ್ ಕಂಡಕ್ಟರ್ ಒಬ್ಬರು ತಮ್ಮ ರೂಟಿನ ಸ್ಟಾಪುಗಳನ್ನೆಲ್ಲ ಮಲಗಿದಲ್ಲೇ ಕೂಗಿ, ಕೊನೆಯ ಸ್ಟಾಪು ಬರುವ ಹೊತ್ತಿಗೆ ಚಿಕಿತ್ಸೆಯನ್ನೂ ಮುಗಿಸಿಕೊಂಡರಂತೆ.

ಇಂದಿನ ಮೊದಲ ರೋಗಿ ಇಬ್ಬರು ಮಕ್ಕಳ ತಾಯಿ. ಬಟ್ಟೆ ಬದಲಿಸಿ ಬಂದವರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಡುತ್ತಾರೆ. "ನಂಗೆ ಬೇಡ ಅಕ್ಕ. ಹೋದ ಸಲ ಬಾಗಿಲು ಮುಚ್ಚಿದಾಗ, ಎಲ್ಲರೂ ನನ್ನ ಬಿಟ್ಟು ಹೋದ್ರು ಅನ್ನಿಸ್ತು. ಮನೆಗೆ ಕಳಿಸ್ಬಿಡಿ." ಡಾಕ್ಟರಮ್ಮ ಚಿಕಿತ್ಸೆ ಅರ್ಧಕ್ಕೆ ಬಿಡಬಾರದೆಂದು ಎಷ್ಟು ಹೇಳಿದರೂ ಆಕೆಯ ಹಿಡಿತ ಸಡಿಲವಾಗುವುದಿಲ್ಲ.

"ಸ್ವಲ್ಪ ಹೊತ್ತು ಕೊಡಿ ಡಾಕ್ಟರಮ್ಮ," ಎಂದು ಮೈಕಕ್ಕ ಆಕೆಯನ್ನು ಕರೆತಂದು ಪರದೆಯ ಮುಂದೆ ತಮ್ಮದೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಮೀಸೆಯ ಟೆಕ್ನಿಷಿಯನ್ನಿಗೆ ಕಣ್ಣಲ್ಲೇ ಸೂಚನೆ ಹೋಗುತ್ತದೆ. ಅವರು ಒಳಗೆ ಹೋಗಿ, ಮಂಚದ ಮೇಲೆ ಅಂಗಾತ ಮಲಗಿ, ಕ್ಯಾಮೆರಾಕ್ಕೆ ಟಾಟಾ ಮಾಡುತ್ತಾರೆ. "ನೋಡು, ಮೀಸೆ ಕೂದಲು ಸಮೇತ ಕಾಣ್ತಿದೆ. ನಿನ್ನನ್ನೂ ಹೀಗೇ ನೋಡ್ತಿರ್ತೀನಿ, ಕಣ್ಣು ಕೀಳಲ್ಲ. ಈಗ ನೀನೇ ಅವರ ಹತ್ರ ಮಾತಾಡು," ಅನ್ನುತ್ತಾರೆ ಮೈಕಕ್ಕ.

ಆಕೆ ಅಳುಕುತ್ತಾ ಗುಂಡಿ ಒತ್ತುತ್ತಾರೆ. "ಸಾರ್... ಭಯ ಆಗ್ತಿದೆಯಾ?"

"ಭಯ ಇಲ್ಲಮ್ಮ, ಚಳಿ ಆಗ್ತಿದೆ! ಆ ಕಂಬಳಿ ಎಲ್ಲಿಟ್ರಿ?"

ಆಕೆ ಕಿಸಕ್ಕನೆ ನಗುತ್ತಾರೆ. ನಗುತ್ತಲೇ ಕಣ್ಣು ಒರೆಸಿಕೊಳ್ಳುತ್ತಾರೆ. ಆಮೇಲೆ ತಾವೇ ಎದ್ದು ಒಳಗೆ ನಡೆಯುತ್ತಾರೆ. ಇಂದಿನ ಚಿಕಿತ್ಸೆ ಸರಾಗವಾಗಿ ಮುಗಿಯುತ್ತದೆ.

ಈ ಗೋಡೆಯಾಚೆ ತಮ್ಮವರನ್ನೇ ಬಿಟ್ಟು ಕೂರುವುದೂ ಮೈಕಕ್ಕನಿಗೆ ಗೊತ್ತು. ಮೂರು ವರ್ಷದ ಹಿಂದೆ, ಅವರ ಅತ್ತೆ ಎಲ್ಲರಿಗಿಂತ ಮೊದಲೆದ್ದು ತಮ್ಮ ಬಟ್ಟೆ ತಾವೇ ಒಗೆಯತೊಡಗಿದರು. ಬಕೆಟ್ಟಿನ ನೀರು ಕೆಂಪಗಿದ್ದುದು ಒಂದು ದಿನ ಸೊಸೆಯ ಕಣ್ಣಿಗೆ ಬಿತ್ತು. ಮುಟ್ಟು ನಿಂತು ಎಷ್ಟೋ ಕಾಲವಾಗಿದ್ದ ಜೀವ. "ಯಾಕತ್ತೆ ಹೇಳ್ಲಿಲ್ಲ ಅಂದೆ. 'ನಿನ್ನ ಕಿವಿಗೆ ಹಾಕಿದ್ರೆ ಇಡೀ ಆಸ್ಪತ್ರೆಗೆ ಡಂಗುರ ಸಾರಿದ ಹಾಗೆ' ಅಂದ್ರು. ನಗಬೇಕೋ ಅಳಬೇಕೋ ತಿಳೀಲಿಲ್ಲ."

ಕ್ಯಾನ್ಸರ್ ಗರ್ಭಕೋಶದಲ್ಲಿತ್ತು, ಇನ್ನೂ ಆಚೆಗೆ ಹರಡಿರಲಿಲ್ಲ. ಗರ್ಭಕೋಶ ತೆಗೆದ ಮೇಲೆ ಅತ್ತೆ ಇದೇ ಕೋಣೆಗೆ ಬಂದರು. ಬಾಗಿಲು ಮುಚ್ಚಿತು. ಅಷ್ಟು ವರ್ಷ ಪಟಪಟನೆ ಮಾತಾಡಿದ ಸೊಸೆ ಅಂದು ಮೈಕಿನ ಗುಂಡಿ ಒತ್ತಿ, ಬಿಟ್ಟು, ಮತ್ತೆ ಒತ್ತಿದರು. ಮೈಕು ಹಿಡಿಯಲು ಇನ್ನೊಬ್ಬ ನರ್ಸನ್ನು ಕರೆಯಬೇಕು ಅನ್ನುವಷ್ಟರಲ್ಲಿ ಒಳಗಿನಿಂದಲೇ ಗದರಿಕೆ ಕೇಳಿಸಿತು: "ಮನೇಲಿ ಬಾಯಿಗೆ ಬಿಡುವೇ ಕೊಡಲ್ಲ, ಇಲ್ಯಾಕೆ ಮೂಗಿ ಥರ ಕೂತಿದ್ದೀಯೇ? ಮಾತಾಡು!"

"ಮಾತಾಡ್ದೆ. ಏನು ಮಾತಾಡ್ದೆ ಅಂತ ಈಗ ನೆನಪಿಲ್ಲ," ಅನ್ನುತ್ತಾರೆ ಮೈಕಕ್ಕ. "ಅತ್ತೆಗೆ ಮಾತ್ರ ಎಲ್ಲ ನೆನಪಿದೆ, ಬೇಕಾದಾಗೆಲ್ಲ ಆಡಿ ತೋರಿಸ್ತಾರೆ." ಅತ್ತೆ ಈಗ ಗಟ್ಟಿಮುಟ್ಟಾಗಿದ್ದಾರೆ. ಎಲ್ಲರ ಕಥೆಯೂ ಹೀಗೇ ಮುಗಿಯುವುದಿಲ್ಲ. ಕೆಲವರು ಮುಂದಿನ ತಪಾಸಣೆಗೆ ಬರುವುದೇ ಇಲ್ಲ.

ಟೋಪಿ, ಮಾಸ್ಕಿನ ನಡುವೆ ಅವರ ಮುಖವನ್ನು ಸರಿಯಾಗಿ ನೋಡಿದ ರೋಗಿಗಳು ಕಡಿಮೆ. ಇತ್ತೀಚೆಗೆ ತರಕಾರಿ ಮಾರ್ಕೆಟ್ಟಿನಲ್ಲಿ ಅವರು ಚೌಕಾಸಿ ಮಾಡುತ್ತಿದ್ದಾಗ, ಪಕ್ಕದಲ್ಲಿದ್ದ ಹೆಂಗಸೊಬ್ಬರು ಗಕ್ಕನೆ ತಿರುಗಿದರು. "ಸೊಂಟ ಅಲುಗಿಸಬೇಡಿ ಅನ್ನೋರು ನೀವೇ ಅಲ್ವಾ?" ಎಂದು ಕೈ ಹಿಡಿದುಕೊಂಡರು. ಆಕೆಯ ಜೊತೆಗಿದ್ದ ನಾದಿನಿ, ಯಾರಿವರು ಎಂದು ಕೇಳಿದರು.

"ಇಂಥ ಕಡೆ ಸಾಮಾನ್ಯವಾಗಿ ನಮ್ಮ ಹಳೇ ರೋಗಿಗಳು, ಪರಿಚಯದೋರು ಅಂತ ಹೇಳಿ ಮಾತು ತೇಲಿಸ್ತಾರೆ," ಎಂದು ಮೈಕಕ್ಕ ಹೇಳುವಾಗ ದನಿ ತುಸು ಇಳಿಯುತ್ತದೆ. "ಆದ್ರೆ ಆಕೆ ಅಷ್ಟು ಜನರ ನಡುವೆ, ತಕ್ಕಡಿ ಹಿಡಿದೋರೂ ತಿರುಗಿ ನೋಡೋ ಹಾಗೆ, 'ನಂಗೆ ಗರ್ಭಕಂಠದ ಕ್ಯಾನ್ಸರ್ ಆಗಿತ್ತಲ್ಲ, ಆಗ ನನ್ನ ಜೊತೆಗಿದ್ದೋರು' ಅಂದ್ರು. ಒಂಚೂರೂ ದನಿ ತಗ್ಗಿಸ್ಲಿಲ್ಲ."