ಚೆಕ್ ಬೇರೆ, ಟೆಸ್ಟ್ ಬೇರೆ

ಆಸ್ಪತ್ರೆಯ ಲಿಫ್ಟ್ ರಿಪೇರಿ ಫಾರ್ಮಿನ ಕೊನೆಯಲ್ಲಿ ಎರಡು ಚೌಕಗಳಿದ್ದವು. ಒಂದು ಚೆಕ್, ಇನ್ನೊಂದು ಟೆಸ್ಟ್. ಬೇರೆ ಮೆಕ್ಯಾನಿಕ್‌ಗಳು ಎರಡಕ್ಕೂ ಸೇರಿಸಿ ಒಂದೇ ಗೀಟು ಎಳೆದು ಮನೆಗೆ ಹೋಗುತ್ತಿದ್ದರು. ಲಿಫ್ಟ್ ಮೇಸ್ತ್ರಿ ಮಾತ್ರ ಇಪ್ಪತ್ತೆರಡು ವರ್ಷದಿಂದ ಹಿಡಿದ ಪಟ್ಟು ಬಿಟ್ಟವರಲ್ಲ. "ಕಣ್ಣಲ್ಲಿ ನೋಡಿ, ಕೈಯಲ್ಲಿ ಮುಟ್ಟಿ ಸರಿಯಿದೆ ಅಂದ್ರೆ ಅದು ಚೆಕ್. ಭಾರ ಹೊರಿಸಿ, ಕೆಡೋದಾದ್ರೆ ಈಗ್ಲೇ ಕೆಡು ಅಂತ ಬಿಟ್ಟು ನೋಡಿದ್ರೆ ಟೆಸ್ಟ್" ಎನ್ನುತ್ತಿದ್ದರು. ಅದಕ್ಕೆಂದೇ ಮೆಟ್ಟಿಲ ಕೆಳಗೆ ಹನ್ನೆರಡು ಮರಳಿನ ಮೂಟೆ ಪೇರಿಸಿಟ್ಟಿದ್ದರು. "ನನಗಿಂತ ಆ ಮೂಟೆಗಳ ಮೇಲೇ ಪ್ರೀತಿ ಜಾಸ್ತಿ" ಎಂದು ಹೆಂಡತಿ ರೇಗಿಸುವುದಿತ್ತು.

ಆ ಬೆಳಿಗ್ಗೆ ಟೆರೇಸಿನ ಮೆಷಿನ್ ರೂಮಿನಲ್ಲಿ ಬ್ರೇಕಿಗೆ ಹೊಸ ಪಟ್ಟಿ ಹಾಕಿ ಕೆಳಗಿಳಿದು ಬಂದರೆ, ಎದುರಿಗೆ ಸ್ಟ್ರೆಚರ್ ಮೇಲೆ ಅದೇ ಹೆಂಡತಿ! ಅಪೆಂಡಿಕ್ಸ್. ಒಡೆಯುವ ಮೊದಲೇ ಆಪರೇಷನ್ ಆಗಬೇಕು, ಅದೂ ಮೂರನೇ ಮಹಡಿಯಲ್ಲಿ.

"ಚೆಕ್ ಮಾಡಿದ್ದೀರಲ್ಲ, ಮೇಲೆ ಕರ್ಕೊಂಡು ಹೋಗ್ರೀ!" ಮ್ಯಾನೇಜರ್ ಕೂಗಾಡಿದರು.

"ಚೆಕ್ ಆಗಿದೆ ಸಾರ್, ಟೆಸ್ಟ್ ಆಗಿಲ್ಲ. ಐದು ನಿಮಿಷ ಕೊಡಿ."

"ನಿಮ್ಮ ಹೆಂಡ್ತಿ ಕಣ್ರೀ ಅವರು!"

"ಯಾರಾಗಿದ್ರೂ ಐದು ನಿಮಿಷ ಬೇಕೇ ಬೇಕು ಸಾರ್."

ಹೆಂಡತಿಯ ನರಳಾಟ ಕಿವಿಗೆ ಬೀಳುತ್ತಿದ್ದರೂ ಹಲ್ಲು ಕಚ್ಚಿಕೊಂಡು ಮೂಟೆ ಹೊತ್ತು ಲಿಫ್ಟಿಗೆ ತುಂಬಿದರು. ಆ ಐದು ನಿಮಿಷಕ್ಕೆ ಎಂಥ ಗುಂಡಿಗೆ ಬೇಕು, ನೀವೇ ಹೇಳಿ. ಖಾಲಿಯಿದ್ದಾಗ ಸರಿಯಾಗಿ ನಿಂತಿದ್ದ ಲಿಫ್ಟು, ಭಾರ ಹೊತ್ತು ಎರಡನೇ ಮಹಡಿಗೆ ಬಂದಾಗ ನಿಲ್ಲದೆ ಒಂದು ಗೇಣು ಕೆಳಗೆ ಜಾರಿತು.

"ತಪ್ಪು ನಂದೇ. ಪಟ್ಟಿ ಬಿಗಿ ಸಾಲ್ದು" ಎಂದು ಮೇಸ್ತ್ರಿ ಲಿಫ್ಟಿನ ಸ್ವಿಚ್ ಆರಿಸಿದರು. ಬಿಗಿ ಮಾಡುತ್ತ ಕೂರಲು ಹೊತ್ತಿರಲಿಲ್ಲ. ಸ್ಟ್ರೆಚರಿನ ತಲೆಯ ಕಡೆಗೆ ತಾವೇ ಕೈಹಾಕಿದರು. ಕಾಲ ಕಡೆ ಹಿಡಿದವರು, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಟೈ ಕಟ್ಟಿದ ಅದೇ ಮ್ಯಾನೇಜರು.

"ನಿಧಾನ ರೀ, ನಿಮ್ಮ ಸೊಂಟ" ಎಂದಳು ಹೆಂಡತಿ, ಆ ನೋವಿನಲ್ಲೂ.

ಮೂರು ಮಹಡಿ ಹತ್ತಿದರು. ಥಿಯೇಟರ್ ಬಾಗಿಲು ಮುಚ್ಚಿತು. ಮ್ಯಾನೇಜರ್ ಏದುಸಿರು ಬಿಡುತ್ತ ಕುರ್ಚಿ ಎಳೆದುಕೊಟ್ಟು, "ಕೂತ್ಕೊಳ್ಳಿ ಮೇಸ್ತ್ರಿ, ಇವತ್ತು ಇನ್ನೇನೂ ಮಾಡ್ಬೇಡಿ" ಎಂದರು.

ಮೇಸ್ತ್ರಿ ಗ್ರೀಸ್ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡರು.

"ಒಳಗಿನ ಕೆಲ್ಸ ಡಾಕ್ಟರ್‌ದು ಸಾರ್. ಅವಳನ್ನ ಕೆಳಗೆ ಇಳಿಸೋ ಕೆಲ್ಸ ನಂದು" ಎಂದು ಟೆರೇಸಿನ ಮೆಟ್ಟಿಲು ಹತ್ತಿದರು.